ಮರಗಸಿ ಸೌದೆ, ಬೋರರ್ ಗಿಡದ ಬಯೋಚಾರ್: ಅರ್ಧ ಬೂದಿಯಾಯ್ತು, ಹಾಕಿದ ಗಿಡ ಹಳದಿಯಾಯ್ತು. ತಪ್ಪಿದ್ದೆಲ್ಲಿ?

ಹಡ್ಲುಗದ್ದೆ

ಸಕಲೇಶಪುರ ಕಡೆ ಎಂಟು ಎಕರೆ ಅರೇಬಿಕಾ ಕಾಫಿ. ನೆರಳಿಗೆ ಮೇಲೆ ಸಿಲ್ವರ್ ಓಕ್, ಮಧ್ಯೆ ಹಾಲುವಾಣ, ಅಲ್ಲಲ್ಲಿ ಅತ್ತಿ, ಬಸರಿ. ಮಣ್ಣು ಪರೀಕ್ಷೆಯಲ್ಲಿ ರಸಸಾರ (ಪಿಎಚ್) 5.1 ಬಂದಿದೆ. ಪ್ರತಿ ವರ್ಷ ಮರಗಸಿಯಲ್ಲಿ (ನೆರಳು ಮರ ಸವರೋದು) ಬಿದ್ದ ರೆಂಬೆ, ಬೋರರ್ (ಕಾಂಡ ಕೊರೆಯೋ ಹುಳು) ಹಿಡಿದು ಕಿತ್ತ ಗಿಡ ಎರಡೂ ರಾಶಿ ಬೀಳ್ತವೆ. ದಪ್ಪ ತುಂಡು ಸೌದೆಗೆ ಹೋಗುತ್ತೆ, ಉಳಿದಿದ್ದನ್ನ ಸುಮ್ಮನೆ ಸುಡೋ ಬದಲು ಬಯೋಚಾರ್ (ಮಣ್ಣಿಗೆ ಹಾಕೋ ಇದ್ದಿಲು) ಮಾಡೋ ಯೋಚನೆ.

ಹೋದ ಸಲ ಮಾಡಿದ್ದು ಹೀಗೆ: 3 ಅಡಿ ಚೌಕದ, 4 ಅಡಿ ಆಳದ ನೇರ ಗೋಡೆಯ ಗುಂಡಿ. ಡಿಸೆಂಬರಲ್ಲಿ ಕಡಿದ ರೆಂಬೆ ಜನವರಿ ಕೊನೆಗೆ ಪೂರ್ತಿ ತುಂಬಿ ಕೆಳಗಿಂದ ಬೆಂಕಿ. ಮಧ್ಯಾಹ್ನದವರೆಗೂ ಬಿಳಿ ಹೊಗೆ. ಸಂಜೆ ಮಣ್ಣು ಮುಚ್ಚಿ ಬೆಳಗ್ಗೆ ತೆಗೆದರೆ ಗಾಳಿ ತಾಗಿದ್ದೇ ಮತ್ತೆ ಕೆಂಡವಾಯ್ತು. ಮೇಲಿನದು ಬೂದಿ, ತಳದಲ್ಲಿ ಕಂದು ಕೊಳ್ಳಿ. ಸಿಕ್ಕಿದ್ದನ್ನ ಪುಡಿ ಮಾಡಿ ಮಾರ್ಚಲ್ಲಿ ಗಿಡಕ್ಕೆ 2 ಕೆಜಿಯಂತೆ ಬುಡದ ಸುತ್ತ ಚೆಲ್ಲಿ, ಅದೇ ವಾರ ಯೂರಿಯಾ ಕೊಟ್ಟೆ. ಮೇ ಹೊತ್ತಿಗೆ ಹಾಕಿದ ಸಾಲುಗಳೆಲ್ಲ ಹಳದಿ, ಹಾಕದ ಸಾಲು ಹಸಿರು.

ಗುಂಡಿ ಹೇಗಿರಬೇಕು, ಬೋರರ್ ಗಿಡವನ್ನ ಒಣಗಿಸಿ ಇಡಬಹುದಾ, ಗಿಡಕ್ಕೆ ಎಷ್ಟು ಹಾಕಬೇಕು? ಇನ್ನೊಂದು, ಒಂದು ಕಂಪನಿಯವರು ಬಂದು ಎಕರೆ ಲೆಕ್ಕದಲ್ಲಿ ಕಾರ್ಬನ್ ಕ್ರೆಡಿಟ್ (ಇಂಗಾಲವನ್ನ ಗಾಳಿಗೆ ಬಿಡದೆ ಹಿಡಿದಿಟ್ಟಿದ್ದಕ್ಕೆ ಸಿಗೋ) ದುಡ್ಡು ಕೊಡ್ತೀವಿ ಅಂತಿದ್ದಾರೆ. ನಂಬಬಹುದಾ?

ಕೆಂಡದುಂಡೆ

ಸೌದೆ ಹಸಿ, ಗುಂಡಿ ಬಾವಿಯಂಥದ್ದು, ಆರಿಸಿದ್ದು ಮಣ್ಣಲ್ಲಿ. ಮೂರೂ ಸೇರಿದ ಮೇಲೆ ಇದ್ದಿಲು ಸಿಕ್ಕಿದ್ದೇ ಹೆಚ್ಚು.

ಮೊದಲು ಉರಿ ಹೇಗೆ ಕೆಲಸ ಮಾಡುತ್ತೆ ನೋಡಿ, ಉಳಿದದ್ದೆಲ್ಲ ಅದರಿಂದಲೇ ಅರ್ಥವಾಗುತ್ತೆ. ಮರ ಕಾದಾಗ ಮೊದಲು ನೀರು ಹೋಗುತ್ತೆ, ಆಮೇಲೆ 250–300 ಡಿಗ್ರಿ ದಾಟಿದ ಮೇಲೆ ಉರಿಯುವ ಅನಿಲ ಬಿಡುತ್ತೆ. ಆ ಅನಿಲ ಮೇಲ್ಗಡೆ ಉರೀತಿರುವಷ್ಟು ಹೊತ್ತು ಗಾಳಿಯ ಆಮ್ಲಜನಕವನ್ನೆಲ್ಲ ಅದೇ ತಿಂದು ಹಾಕುತ್ತೆ, ಕೆಳಗಿರುವ ಇದ್ದಿಲಿಗೆ ಸಿಗೋದಿಲ್ಲ. ಉರಿಯೇ ಮುಚ್ಚಳ. ಫ್ಲೇಮ್ ಕ್ಯಾಪ್ ಅಂತ ಕರೆಯೋದು ಇದನ್ನೇ. ಸ್ವಿಟ್ಜರ್ಲೆಂಡಿನ ಇಥಾಕಾ ಸಂಸ್ಥೆಯವರು 2014ರಲ್ಲಿ ಮಾಡಿದ ಕೋನ್-ಟಿಕಿ ಎಂಬ ಕಬ್ಬಿಣದ ಲಾಳಿಕೆಯೂ ಇದೇ ತತ್ವದ್ದು, ಅದನ್ನೇ ಮಣ್ಣಿನ ಗುಂಡಿಯಲ್ಲೂ ಮಾಡಬಹುದು. ಹಾಗಾಗಿ ಸೌದೆಯನ್ನ ತುಂಬಿ ಹಚ್ಚೋದಲ್ಲ, ಹಚ್ಚಿ ತುಂಬುತ್ತಾ ಹೋಗೋದು.

ಗುಂಡಿಯ ಅಳತೆ: ಮೇಲ್ಗಡೆ 5 ಅಡಿ ವ್ಯಾಸ, ತಳ 2 ಅಡಿ, ಆಳ ಎರಡೂವರೆ ಅಡಿ. ಗೋಡೆಯ ಇಳಿಜಾರು ಸುಮಾರು 60 ಡಿಗ್ರಿ ಬರುತ್ತೆ. ನಡುವೆ ಗೂಟ ಹೊಡೆದು ಎರಡೂವರೆ ಅಡಿ ಹಗ್ಗ ಕಟ್ಟಿ ಸುತ್ತು ಗೀರಿದರೆ ಬಾಯಿಯ ಗೆರೆ ಸಿಕ್ಕಿತು. ಅಗೆದ ಮಣ್ಣನ್ನ ಅಂಚಿನ ಸುತ್ತ ಒಂದು ಗೇಣು ದಿಂಡು ಕಟ್ಟಿ ಬಡಿದು ಗಟ್ಟಿ ಮಾಡಿ. ಆ ದಿಂಡು ಇಲ್ಲದಿದ್ದರೆ ಗಾಳಿ ನೇರ ಕೆಂಡದ ಮೇಲೆ ಬೀಸುತ್ತೆ, ಗಾಳಿ ಬೀಸಿದ ಕಡೆ ಬೂದಿ. ನಿಮ್ಮ 4 ಅಡಿ ನೇರ ಗುಂಡಿಯಲ್ಲಿ ಆಗಿದ್ದು ಇದರ ಉಲ್ಟಾ: ತಳಕ್ಕೆ ಗಾಳಿ ಇಳಿಯಲಿಲ್ಲ, ಉರಿ ಸತ್ತು ಹೊಗೆಯಾಯ್ತು, ಅಡಿಯ ಸೌದೆ ಬರೀ ಬೆಂದು ಕಂದಾಯ್ತು.

ಈ ಗುಂಡಿಯ ಒಟ್ಟು ಗಾತ್ರ 720 ಲೀಟರ್ ಆಸುಪಾಸು. ಕಂಠಮಟ್ಟ ತುಂಬೋದಿಲ್ಲ, ಒಂದು ಸಲಕ್ಕೆ 600 ಲೀಟರ್ ಇದ್ದಿಲು ಅಂತಿಟ್ಟುಕೊಳ್ಳಿ. ಸಿಲ್ವರ್ ಇದ್ದಿಲು ಹಗುರ, ಒಣಗಿದ ಲೆಕ್ಕದಲ್ಲಿ 120 ಕೆಜಿ ತೂಗಬಹುದು. ಅದಕ್ಕೆ 600 ಕೆಜಿ ಒಣ ಸೌದೆ ಬೇಕು. ಐದಕ್ಕೆ ಒಂದು. ಮೂರಕ್ಕೆ ಒಂದು ಸಿಗುತ್ತೆ ಅನ್ನೋರು ಒಂದೋ ಅರೆಬೆಂದದ್ದನ್ನ ತೂಗಿರ್ತಾರೆ, ಇಲ್ಲಾ ನೀರು ಸೇರಿಸಿ ತೂಗಿರ್ತಾರೆ.

ಸೌದೆಯ ತೇವ 20 ಪರ್ಸೆಂಟ್ ಒಳಗಿರಲಿ. ಮೀಟರ್ ಇಲ್ಲದಿದ್ದರೆ ಎರಡು ತುಂಡು ಒಂದಕ್ಕೊಂದು ಬಡಿದು ನೋಡಿ. 'ಟಣ್' ಅಂದರೆ ಒಣಗಿದೆ, 'ದಪ್' ಅಂದರೆ ಇನ್ನೂ ತಿಂಗಳು ಬಿಡಿ. ಡಿಸೆಂಬರ್ ರೆಂಬೆ ಜನವರಿಗೆ ಒಣಗೋದಿಲ್ಲ. ಕೊಯ್ಲು ಮುಗಿದ ಮೇಲೆ ಮರಗಸಿಯಲ್ಲಿ ಬಿದ್ದದ್ದನ್ನ 3 ಅಡಿ ತುಂಡು ಮಾಡಿ, ನೆಲಕ್ಕೆ ತಾಗದ ಹಾಗೆ ಎರಡು ದಿಮ್ಮಿಯ ಮೇಲೆ ಪೇರಿಸಿ, ಮೇಲೆ ಮಾತ್ರ ಶೀಟು ಹೊದಿಸಿ ಮಳೆಗಾಲ ಕಳೆಯಲಿ. ಪಕ್ಕಗಳನ್ನ ಪ್ಲಾಸ್ಟಿಕ್ಕಲ್ಲಿ ಸುತ್ತಿದಿರೋ, ಒಳಗೆ ಬೂಷ್ಟು ಹಿಡಿದು ಅಣಬೆ ಏಳುತ್ತೆ. ದಪ್ಪ ಹೆಬ್ಬೆರಳಿನಿಂದ ಮಣಿಕಟ್ಟಿನವರೆಗೆ. ಅದಕ್ಕಿಂತ ದಪ್ಪ ಇದ್ದರೆ ಸೀಳಿ, ಇಲ್ಲದಿದ್ದರೆ ಹೊರಗೆ ಇದ್ದಿಲು, ಒಳಗೆ ಕಂದು ಮರ. ಬಣ್ಣ ಬಳಿದ ಹಲಗೆ, ಪ್ಲೈವುಡ್, ಔಷಧಿ ಹೊಡೆದ ಕಂಬ ಯಾವುದೂ ಒಳಗೆ ಬೀಳಬಾರದು. ಅಂಟು, ಸೀಸ, ತಾಮ್ರ, ಆರ್ಸೆನಿಕ್ಕು ಸೀದಾ ತೋಟದ ಮಣ್ಣಿಗೆ ಹೋಗುತ್ತೆ, ಮತ್ತೆ ತೆಗೆಯೋಕಾಗಲ್ಲ.

ಸುಡುವ ದಿನ ಬೆಳಗ್ಗೆ ಆರಕ್ಕೆ ಶುರು, ಗಾಳಿ ಏಳೋದರೊಳಗೆ ಮುಗಿಯಬೇಕು. ತಳದಲ್ಲಿ ಸಣ್ಣ ಕಡ್ಡಿಗಳನ್ನ ಅಡ್ಡ-ಉದ್ದ ಒಟ್ಟಿ ಎರಡು ಅಡಿ ಎತ್ತರದ ಗೂಡು ಕಟ್ಟಿ ಮೇಲಿನಿಂದ ಹಚ್ಚಿ. ಅದು ಕುಸಿದು ತಳವೆಲ್ಲ ಕೆಂಡ ಹರಡಿದ ಮೇಲೆ ಒಂದು ಪದರ ಸೌದೆ, ಒಂದರ ಮೇಲೊಂದು ಹೇರದೆ ಒತ್ತೊತ್ತಾಗಿ. ಮುಂದಿನ ಪದರ ಯಾವಾಗ ಅನ್ನೋದೇ ಇಲ್ಲಿನ ಇಡೀ ಕಸುಬು. ತುಂಡಿನ ಮೈ ಕಪ್ಪಾಗಿ, ಅಂಚಲ್ಲಿ ತೆಳ್ಳಗೆ ಬಿಳಿ ಬೂದಿ ಕಾಣೋಕೆ ಶುರುವಾದ ಕೂಡಲೇ ಮೇಲೆ ಹಾಕಿ. ಬೂದಿ ದಪ್ಪವಾಗೋ ತನಕ ಕಾದರೆ ಇದ್ದಿಲು ಸುಡ್ತಾ ಇದೆ. ಅವಸರದಲ್ಲಿ ಎರಡು ಪದರ ಒಟ್ಟಿಗೆ ಹಾಕಿದರೆ ಉರಿ ಮುಚ್ಚಿ ಹಳದಿ ಹೊಗೆ ಏಳುತ್ತೆ. ಹೊಗೆ ಕಂಡರೆ ಹೊಸದು ಹಾಕೋದು ನಿಲ್ಲಿಸಿ, ಒಂದೆರಡು ಪುಡಿ ಒಣಗಡ್ಡಿ ಎಸೆದು ಉರಿ ಮರಳಿ ಬರಲಿ. ಹೀಗೆ ನಾಲ್ಕೈದು ಗಂಟೆ. ಒಬ್ಬರು ಅಲ್ಲೇ ನಿಂತಿರಬೇಕು, ತಿಂಡಿಗೆ ಹೋಗಿ ಬರ್ತೀನಿ ಅಂದರೆ ಒಂದು ಪದರ ಬೂದಿ.

ಆರಿಸೋಕೆ ನೀರೇ ಬೇಕು. ಎರಡು ಡ್ರಮ್, ಅಂದರೆ 400 ಲೀಟರ್, ಮೊದಲೇ ಪಕ್ಕದಲ್ಲಿ ತುಂಬಿಟ್ಟಿರಿ, ಮೂರನೇದು ಕೈಕಾವಲಿಗೆ. ಕೊನೆಯ ಪದರದ ಉರಿ ತಗ್ಗಿ ಅಲ್ಲಲ್ಲಿ ನೀಲಿ ನಾಲಗೆ ಮಾತ್ರ ಉಳಿದಾಗ ಅಂಚಿನಿಂದ ಒಳಕ್ಕೆ ಹನಿಸ್ತಾ ಬನ್ನಿ. ಬಕೆಟ್ಟಲ್ಲಿ ಎತ್ತಿ ಸುರಿದರೆ ಬಿಸಿ ಹಬೆ ಮುಖಕ್ಕೇ ಬರುತ್ತೆ. ಉದ್ದ ಹಿಡಿಯ ಸಲಿಕೆಯಿಂದ ಮಗುಚಿ ಮತ್ತೆ ನೀರು, ತಳದ ತನಕ. 'ಚುಂಯ್' ಶಬ್ದ ನಿಂತಿತು ಅಂತ ಬಿಟ್ಟು ಹೋಗಬೇಡಿ, ತಳದ ಒಂದು ಮುಷ್ಟಿ ಕೆಂಡ ರಾತ್ರಿಯಿಡೀ ಕೂತು ಎಲ್ಲವನ್ನೂ ತಿನ್ನುತ್ತೆ. ಮಣ್ಣು ಮುಚ್ಚಿ ಆರಿಸೋದು ಸಾಧ್ಯವಿದೆ, ಆದರೆ ಬಿರುಕಿಲ್ಲದ ಹಾಗೆ ಹಸಿ ಜೇಡಿಯಲ್ಲಿ ಮೆತ್ತಿ ಎರಡು ದಿನವಾದರೂ ತೆಗೀಬಾರದು. ನಿಮ್ಮದು ಒಂದೇ ರಾತ್ರಿ.

ಹೊರತೆಗೆದದ್ದನ್ನ ಒದ್ದೆಯಲ್ಲೇ ಬಯಲಲ್ಲಿ ಒಂದು ದಿನ ಹರಡಿಡಿ. ಗೋಣಿಗೆ ತುಂಬಿ ಸ್ಟೋರಲ್ಲಿಟ್ಟರೆ ಮರುದಿನ ಸ್ಟೋರೇ ಇರದಿರಬಹುದು. ಗುಂಡಿಯ ಸುತ್ತ 15 ಅಡಿ ದರಗು (ಒಣ ಎಲೆ) ಗುಡಿಸಿ, ಕಾಫಿ ಗಿಡದಿಂದ 20 ಅಡಿ ದೂರ ಇರಲಿ, ತಲೆ ಮೇಲೆ ಸಿಲ್ವರ್ ಕೊಂಬೆ ಬೇಡ. ಕಾಫಿ ಕಣದ ಮೂಲೆ ಖಾಲಿ ಇದೆ ಅಂತ ಸಿಮೆಂಟಿನ ಮೇಲೆ ಕಬ್ಬಿಣದ ಲಾಳಿಕೆ ಇಟ್ಟು ಸುಟ್ಟರೆ ಸಿಮೆಂಟು ಚಟಪಟ ಸಿಡಿಯುತ್ತೆ.

ಹುಳಿಮಣ್ಣು

ಮೇಲಿನದಕ್ಕೆ ಒಂದು ಸೇರಿಸ್ತೀನಿ: ಬೆಂದಿದೆಯೋ ಇಲ್ಲವೋ ನೋಡೋಕೆ ಲ್ಯಾಬ್ ಬೇಕಿಲ್ಲ. ಒಂದು ತುಂಡು ಕೈಯಲ್ಲಿ ಪುಡಿ ಮಾಡಿ, ಬರೀ ನೀರಲ್ಲಿ ಕೈ ತೊಳೀರಿ. ಮಸಿ ಹೋಯ್ತು ಅಂದರೆ ಸರಿ. ಜಿಡ್ಡು ಉಳಿದು ಸೋಪು ಬೇಕಾದರೆ ಒಳಗೆ ಟಾರು ಇದೆ. ಕರೆಂಟಿನವರ ಮಲ್ಟಿಮೀಟರ್ ಇದ್ದರೆ ಇನ್ನೂ ಒಳ್ಳೇದು. ಪೂರ್ತಿ ಒಣಗಿದ ತುಂಡಿನ ಒಳಮೈಗೆ ಎರಡು ಮೊನೆಯನ್ನ ಒಂದು ಸೆಂಟಿಮೀಟರ್ ಅಂತರದಲ್ಲಿ ಒತ್ತಿ. 600 ಡಿಗ್ರಿ ದಾಟಿ ಬೆಂದದ್ದು ವಿದ್ಯುತ್ ಹರಿಸುತ್ತೆ, ಓಮ್ ಲೆಕ್ಕ ಕೆಲವು ನೂರು–ಸಾವಿರದಲ್ಲಿ ಬರುತ್ತೆ. ಅರೆಬೆಂದದ್ದಕ್ಕೆ ಮುಳ್ಳು ಅಲುಗೋದೇ ಇಲ್ಲ. ಒದ್ದೆ ತುಂಡಲ್ಲಿ ನೋಡಬೇಡಿ, ನೀರೇ ಹರಿಸಿ ಮೋಸ ಮಾಡುತ್ತೆ.

ಈಗ ಹಳದಿ ಎಲೆ. ಹೊಸ ಇದ್ದಿಲು ಗೊಬ್ಬರವಲ್ಲ, ಖಾಲಿ ಕಣಜ. ಮಣ್ಣಿಗೆ ಬಿದ್ದ ಕೂಡಲೇ ಸುತ್ತಲಿನ ಅಮೋನಿಯಂ ಸಾರಜನಕವನ್ನ ತಾನೇ ಹಿಡಿದಿಟ್ಟುಕೊಳ್ಳುತ್ತೆ. ನಿಮ್ಮದರಲ್ಲಿ ಅರೆಬೆಂದ ಕೊಳ್ಳಿಯೂ ಇತ್ತು. ಅದರ ಟಾರನ್ನ ತಿನ್ನೋಕೆ ಬಂದ ಸೂಕ್ಷ್ಮಜೀವಿಗಳು ತಮ್ಮ ಮೈಗೆ ಬೇಕಾದ ಸಾರಜನಕವನ್ನೂ ಅಲ್ಲಿಂದಲೇ ಎತ್ತಿದವು. ಮೂರನೇದು ಯೂರಿಯಾ. ಮರದ ಇದ್ದಿಲಿನ ರಸಸಾರ 8ರಿಂದ 10, ನಿಮ್ಮದರಲ್ಲಿ ಬೂದಿ ಬೇರೆ ಅರ್ಧ. ಅಂಥ ಕ್ಷಾರದ ಮೇಲೆ ಬಿದ್ದ ಯೂರಿಯಾ ಅಮೋನಿಯಾ ಆಗಿ ಹಾರಿಹೋಗುತ್ತೆ. ಚೆಲ್ಲಿದ ದಿನ ಸಂಜೆ ಬುಡದ ಹತ್ತಿರ ಮೂಗು ಚುರುಗುಟ್ಟುವ ವಾಸನೆ ಬಂದಿದ್ದರೆ ಅದೇ. ಇವತ್ತಿಗೂ ಎಷ್ಟೋ ಕಡೆ ಇದ್ದಿಲು, ಯೂರಿಯಾ ಎರಡನ್ನೂ ಒಂದೇ ರಾಶಿಯಲ್ಲಿ ಕಲಸ್ತಾರೆ. ದುಡ್ಡು ಗಾಳಿಗೆ ತೂರಿದ ಹಾಗೆ.

ಎಳೇ ಎಲೆಯಲ್ಲಿ ನರ ಹಸಿರಾಗಿದ್ದು ನಡುವೆ ಹಳದಿ ಇದ್ದರೆ ಬುಡದ ಹತ್ತಿರ ಬೂದಿಯಿಂದ ರಸಸಾರ ಏರಿ ಕಬ್ಬಿಣ ಸಿಗ್ತಿಲ್ಲ ಅಂತ. ಹಳೇ ಎಲೆ ಪೂರ್ತಿ ಹಳದಿ ಆದರೆ ಸಾರಜನಕದ ಕೊರತೆ. ಎರಡೂ ತಾತ್ಕಾಲಿಕ. ಗಿಡ ಕೀಳೋಕೆ ಹೋಗಬೇಡಿ. ಆ ಸಾಲುಗಳಿಗೆ ಈ ವರ್ಷ ಸುಣ್ಣ ಬೇಡ, ಕೊಟ್ಟಿಗೆ ಗೊಬ್ಬರ ಕೊಟ್ಟು, ಸಾರಜನಕವನ್ನ ಮಣ್ಣು ಒದ್ದೆ ಇರುವಾಗ ಸಣ್ಣ ಕಂತಲ್ಲಿ ಕೊಡಿ.

ಮುಂದಿನ ಸಲ ಕಣಜ ತುಂಬಿಸಿಯೇ ಹಾಕಿ. ಕಾಫಿ ತೋಟಕ್ಕೆ ಇದಕ್ಕಿಂತ ಅನುಕೂಲ ಬೇರೆ ಯಾರಿಗೂ ಇಲ್ಲ. ಪಲ್ಪರ್ (ಹಣ್ಣಿನ ಸಿಪ್ಪೆ ಬಿಡಿಸೋ ಯಂತ್ರ) ಓಡುವ ಕಾಲಕ್ಕೇ ಇದ್ದಿಲೂ ಸಿದ್ಧ. ಹಣ್ಣಿನ ಸಿಪ್ಪೆ ರಾಶಿಯಲ್ಲಿ ನಾಲ್ಕು ಬುಟ್ಟಿ ಸಿಪ್ಪೆ, ಒಂದು ಬುಟ್ಟಿ ಇದ್ದಿಲು, ಒಂದು ಬುಟ್ಟಿ ಸಗಣಿ, ಹೀಗೆ ಪದರ ಹಾಕಿ. ಸಿಪ್ಪೆಯ ಹುಳಿ, ಇದ್ದಿಲಿನ ಕ್ಷಾರ ಒಂದನ್ನೊಂದು ತಣಿಸ್ತವೆ, ಹೊರಹೋಗಬೇಕಿದ್ದ ಅಮೋನಿಯಾ ಇದ್ದಿಲಿಗೆ ಇಳಿಯುತ್ತೆ, ವಾಸನೆ, ನೊಣ ಕಡಿಮೆ. ಹದಿನೈದು ದಿನಕ್ಕೊಮ್ಮೆ ಮಗುಚಿ ಮೂರು ತಿಂಗಳು. ಅಷ್ಟು ತಾಳ್ಮೆ ಇಲ್ಲದಿದ್ದರೆ ಗಂಜಲ ಅಥವಾ ಗೋಬರ್ ಗ್ಯಾಸಿನ ಸ್ಲರಿಯಲ್ಲಿ ಇದ್ದಿಲು ಹೀರುವಷ್ಟು ನೆನೆಸಿ ಎರಡು ವಾರ ನೆರಳಲ್ಲಿಟ್ಟು, ಆಮೇಲೆ ಮೂರು ಪಾಲು ಹಳೇ ಗೊಬ್ಬರಕ್ಕೆ ಬೆರೆಸಿ. ನೇಪಾಳದಲ್ಲಿ ಗಂಜಲದಲ್ಲಿ ನೆನೆಸಿದ ಇದ್ದಿಲನ್ನ ಹೆಕ್ಟೇರಿಗೆ ಬರೀ 750 ಕೆಜಿ ಲೆಕ್ಕದಲ್ಲಿ ಬೇರಿನ ಹತ್ತಿರ ಕೊಟ್ಟು ಸಿಹಿಗುಂಬಳದ ಇಳುವರಿ ನಾಲ್ಕು ಪಟ್ಟಾಯ್ತು ಅನ್ನೋ ಪ್ರಯೋಗ 2015ರಲ್ಲಿ ಪ್ರಕಟವಾಗಿದೆ. ಅದನ್ನ ತೋರಿಸಿ ಕಾಫಿಯಲ್ಲೂ ನಾಲ್ಕು ಪಟ್ಟು ಅನ್ನೋರಿದ್ದಾರೆ. ಕಿವಿಗೆ ಹಾಕ್ಕೋಬೇಡಿ, ಅದು ನಾಲ್ಕು ತಿಂಗಳ ಬಳ್ಳಿ, ಇದು ನಾಲ್ಕು ದಶಕದ ಗಿಡ. ಅಲ್ಲಿಂದ ತೆಗೆದುಕೊಳ್ಳಬೇಕಾದ್ದು ಒಂದೇ: ಹೊಲವೆಲ್ಲ ಹರಡೋದಲ್ಲ, ಬೇರಿಗೆ ಕೊಡೋದು.

ಪ್ರಮಾಣ: 6×6 ಅಡಿ ನಾಟಿಯಲ್ಲಿ ಎಕರೆಗೆ 1,210 ಗಿಡ. ಗಿಡಕ್ಕೆ ಅರ್ಧ ಕೆಜಿ ಒಣ ಇದ್ದಿಲು, ಅಂದರೆ ಸುಮಾರು ಎರಡೂವರೆ ಲೀಟರ್, ಗೊಬ್ಬರ ಬೆರೆಸಿದ ಮೇಲೆ ಒಂದು ಬಕೆಟ್. ಎಕರೆಗೆ 605 ಕೆಜಿ. ಕೆಂಡದುಂಡೆಯವರ ಲೆಕ್ಕದಲ್ಲಿ ಐದು ಗುಂಡಿ, 3 ಟನ್ ಒಣ ಸೌದೆ. ಎಂಟೆಕರೆ ಒಂದೇ ವರ್ಷ ಆಗೋ ಮಾತಲ್ಲ. ವರ್ಷಕ್ಕೊಂದು ಎಕರೆ ಹಿಡೀರಿ. ಹಾಕಿದ್ದು ಹಾಗೇ ಇರುತ್ತೆ, ಪ್ರತಿ ವರ್ಷ ಹಾಕಬೇಕಿಲ್ಲ.

ಹಾಕುವಾಗ ಬುಡದಿಂದ ಒಂದೂವರೆ ಅಡಿ ಆಚೆ, ಇಳಿಜಾರಿನ ಮೇಲ್ಬದಿಯಲ್ಲಿ, ಒಂದು ಗೇಣು ಆಳದ ಅರ್ಧಚಂದ್ರ ಗೀರಿ ಹಾಕಿ ಮಣ್ಣು, ದರಗು ಮುಚ್ಚಿ. ತೊಟ್ಟಿಲು ಗುಂಡಿ (ನೀರಿಂಗೋಕೆ ಸಾಲಿನ ನಡುವೆ ತೋಡಿದ್ದು) ಇದ್ದರೆ ಅದರಲ್ಲೇ ಹಾಕಿ. ಮೇಲೆ ಚೆಲ್ಲಿದ ಇದ್ದಿಲು ನೀರಲ್ಲಿ ತೇಲುತ್ತೆ, ಜೂನ್ ಮಳೆಗೆ ಹಳ್ಳ ಸೇರಿ ಹೇಮಾವತಿ ಪಾಲು. ಮಳೆ ನಿಂತ ಮೇಲೆ, ಸೆಪ್ಟೆಂಬರ್ ಕೊನೆ–ಅಕ್ಟೋಬರ್, ಮಣ್ಣಲ್ಲಿ ತೇವ ಇರುವಾಗ ಕೆಲಸ ಸುಲಭ. ಪುಡಿ ಮಾಡೋದು ಒದ್ದೆಯಲ್ಲೇ, ಗೋಣಿಗೆ ತುಂಬಿ ತುಳಿದರೆ ಸಾಕು, ಕಡಲೆ ಕಾಳಿನಷ್ಟಾದರೆ ಸರಿ. ಒಣದ್ದನ್ನ ಕುಟ್ಟಿದರೆ ಆ ಧೂಳು ಎದೆಗೆ ಒಳ್ಳೇದಲ್ಲ.

ಸುಣ್ಣದ ಬದಲು ಇದು ಅಂತಲೂ ತಿಳೀಬೇಡಿ. 5.1ನ್ನ ಮೇಲೆತ್ತೋಕೆ ಅರ್ಧ ಕೆಜಿ ಇದ್ದಿಲಲ್ಲಿರುವ ಕ್ಷಾರ ಏನೂ ಸಾಲದು. ಹುಳಿ ಮಣ್ಣಲ್ಲಿ, ಜೋರು ಮಳೆಗೆ ಪೊಟ್ಯಾಷ್, ಸುಣ್ಣದಂಶ ಎಲ್ಲ ಕೊಚ್ಚಿಹೋಗುವ ಕಡೆ ಅದನ್ನ ಬೇರಿನ ಹತ್ತಿರ ತಡೆದು ನಿಲ್ಲಿಸೋದು ಇದರ ಕೆಲಸ.

ಮತ್ತೆ ಹಾಲುವಾಣವನ್ನ ಸುಡಬೇಡಿ ದಯವಿಟ್ಟು. ಅದು ನೀರು ತುಂಬಿದ ಹಗುರ ಮರ, ಇದ್ದಿಲು ಸಿಗೋದು ಅಷ್ಟಕ್ಕಷ್ಟೇ. ಅದರ ಸೊಪ್ಪಲ್ಲಿರುವ ಸಾರಜನಕ ಬೆಂಕಿಗೆ ಬಿದ್ದರೆ ಹೋಯ್ತು, ನೆಲಕ್ಕೆ ಬಿದ್ದರೆ ಗೊಬ್ಬರ. ಎಲ್ಲ ಮರದ ಎಲೆ, ಕಡ್ಡಿ, ಪುಡಿರೆಂಬೆಯೂ ತೋಟದಲ್ಲೇ ಕೊಳೀಲಿ. ಗುಂಡಿಗೆ ಗಟ್ಟಿ ಸೌದೆ ಮಾತ್ರ.

ಬೋರರ್‌ಬೇಟೆ

ಬೋರರ್ ಗಿಡದ ವಿಷಯಕ್ಕೆ ಇನ್ನೂ ಯಾರೂ ಬಂದಿಲ್ಲ, ಅಪಾಯ ಇರೋದು ಅಲ್ಲೇ. 'ಒಣಗಿಸಿ ಇಡಿ' ಅನ್ನೋ ಮಾತು ಸಿಲ್ವರ್ ರೆಂಬೆಗೆ ಸರಿ, ಕಾಂಡಕೊರಕ ಇರುವ ಕಾಂಡಕ್ಕೆ ಖಂಡಿತ ಅಲ್ಲ. ದುಂಬಿ ಹಾರೋದು ವರ್ಷಕ್ಕೆರಡು ಸಲ: ಏಪ್ರಿಲ್–ಮೇ, ಮತ್ತೆ ಅಕ್ಟೋಬರಿನಿಂದ ಡಿಸೆಂಬರ್. ಅದಕ್ಕೇ ಗಿಡ ಗುರುತಿಸಿ ಕೀಳೋದು ಮಾರ್ಚಲ್ಲಿ ಮತ್ತು ಸೆಪ್ಟೆಂಬರಲ್ಲಿ. ಮಾರ್ಚಲ್ಲಿ ಕಿತ್ತ ಕಾಂಡವನ್ನ ಪೇರಿಸಿಟ್ಟರೆ ಒಳಗಿನ ಹುಳು ಸಾಯೋದಿಲ್ಲ, ಏಪ್ರಿಲಲ್ಲಿ ದುಂಬಿಯಾಗಿ ಆ ಸೌದೆ ರಾಶಿಯಿಂದಲೇ ಹೊರಟು ಇಡೀ ತೋಟಕ್ಕೆ ಹೋಗುತ್ತೆ. ಗಿಡ ಕಿತ್ತ ಕೂಲಿಯೂ ದಂಡ.

ದಾರಿ ಎರಡು. ಒಂದು, ಕಿತ್ತ ಕಾಂಡಗಳನ್ನ ಪೂರ್ತಿ ಮುಳುಗುವ ಹಾಗೆ ಕಲ್ಲು ಹೇರಿ ತೊಟ್ಟಿಯಲ್ಲೋ ಕೆರೆ ಅಂಚಲ್ಲೋ 7ರಿಂದ 10 ದಿನ ನೀರಲ್ಲಿಡಿ. ಹುಳು ಸತ್ತಿರುತ್ತೆ, ಆಮೇಲೆ ತೆಗೆದು ಬೇರೆ ಸೌದೆ ಜೊತೆ ಒಣಗಿಸಿದರೂ ಭಯವಿಲ್ಲ. ಮೇಲೆ ತೇಲ್ತಿದ್ದ ತುದಿಯಲ್ಲಿ ಹುಳು ಬದುಕಿರುತ್ತೆ, ಅದಕ್ಕೇ ಕಲ್ಲು. ಎರಡು, ಹೋದ ವರ್ಷದ ಒಣ ಸಿಲ್ವರ್ ಸಾಕಷ್ಟಿದ್ದರೆ ಕಿತ್ತ ವಾರದೊಳಗೇ ಸುಡಿ. ನಾಲ್ಕು ಪಾಲು ಒಣ ಸೌದೆಗೆ ಒಂದು ಪಾಲಿಗಿಂತ ಹೆಚ್ಚು ಹಸಿ ಕಾಂಡ ಬೇಡ, ಅದೂ ಉರಿ ಜೋರಾಗಿರುವ ನಡುಹೊತ್ತಲ್ಲಿ, ಸೀಳಿ. ಕೊನೆಯ ಪದರದಲ್ಲಿ ಹಾಕಿದರೆ ಬೇಯೋಕೆ ಸಮಯ ಸಿಗಲ್ಲ.

ಕೀಳುವಾಗ ಬೇರಿನ ಸಮೇತ ಕೀಳಿ, ಹುಳು ಬೇರಿಗೂ ಇಳಿದಿರುತ್ತೆ. ನೆಲಮಟ್ಟಕ್ಕೆ ಕೊಯ್ದು ಮೇಲಿನದನ್ನ ಸುಟ್ಟರೆ ಅರ್ಧ ಹುಳು ನೆಲದಲ್ಲೇ ಉಳೀತು. ಬೇರಿನ ಮಣ್ಣು ಕೊಡವಿ ಹಾಕಿ, ಇಲ್ಲದಿದ್ದರೆ ಕೆಂಡದ ಮೇಲೆ ಮಣ್ಣು ಕೂತು ಅಲ್ಲಿ ಉರಿ ಸಾಯುತ್ತೆ.

ಘಟ್ಟದ ಕೆಳಗೆ

ನಮ್ಮ ಕಡೆ ಸುಡುಮಣ್ಣು ಮಾಡೋದು ಅಜ್ಜನ ಕಾಲದಿಂದ ಉಂಟು. ಸೊಪ್ಪು, ಕಸ, ಮಣ್ಣು ಸೇರಿಸಿ ಸುಡುವುದು, ತರಕಾರಿಗೆ, ಮಲ್ಲಿಗೆಗೆ ಹಾಕುವುದು. ಇದೇ ಅಲ್ಲವಾ ಬಯೋಚಾರ್? ಹೆಸರು ಮಾತ್ರ ಹೊಸದಲ್ಲವಾ? ಮತ್ತೆ ಮರದ ಮಿಲ್ಲಿನ ಹೊಟ್ಟು ಬೇಕಾದಷ್ಟು ಸಿಗ್ತದೆ, ಅದನ್ನು ಈ ಗುಂಡಿಯಲ್ಲಿ ಹಾಕಬಹುದಾ?

ಕೆಂಡದುಂಡೆ

ಹತ್ತಿರದ ನೆಂಟರು, ಒಂದೇ ಅಲ್ಲ. ಸುಡುಮಣ್ಣಲ್ಲಿ ಕೆಲಸ ಮಾಡೋದು ಹೆಚ್ಚಾಗಿ ಬೂದಿಯ ಪೊಟ್ಯಾಷ್ ಮತ್ತು ಬಿಸಿಗೆ ಸತ್ತ ಹುಳ, ಕಳೆಬೀಜ. ಇದ್ದಿಲಿನ ಪಾಲು ಚೂರು. ಆ ಬೂದಿಯ ಗುಣ ಒಂದೆರಡು ಮಳೆಗಾಲಕ್ಕೆ ತೊಳೆದುಹೋಗುತ್ತೆ, ಅದಕ್ಕೇ ಪ್ರತಿ ವರ್ಷ ಮಾಡಬೇಕು. ಅಮೆಜಾನ್ ಕಾಡಲ್ಲಿ ಜನ ಇದ್ದಿಲು, ಮೂಳೆ, ಕಸ ಸೇರಿಸಿ ಮಾಡಿದ ಟೆರಾ ಪ್ರೇಟಾ ಎಂಬ ಕಪ್ಪು ಮಣ್ಣು ಸಾವಿರಾರು ವರ್ಷದ ಮೇಲೂ ಕಪ್ಪಾಗೇ ಇದೆ. ಅಲ್ಲಿ ಉಳಿದದ್ದು ಇದ್ದಿಲು.

ಹೊಟ್ಟು ಈ ಗುಂಡಿಗೆ ಬೇಡ. ಉರಿಯ ಮೇಲೆ ಹಾಕಿದ ಕೂಡಲೇ ಕಂಬಳಿ ಹೊದಿಸಿದ ಹಾಗೆ ಮುಚ್ಚಿ ಹೊಗೆಯಾಡುತ್ತೆ, ಒಳಗೊಳಗೇ ದಿನಗಟ್ಟಲೆ ಕುದಿಯುತ್ತೆ. ಮಿಲ್ಲಿಂದ ತರೋದಾದರೆ ಅಂಚಿನ ಸೀಳು ತನ್ನಿ. ಹೊಟ್ಟನ್ನೇ ಮಾಡಬೇಕಂದರೆ ಮುಚ್ಚಿದ ಡ್ರಮ್ಮಲ್ಲಿ: ಹೊಟ್ಟು ತುಂಬಿದ ಸಣ್ಣ ಡಬ್ಬ, ಅನಿಲ ಹೊರಬರೋಕೆ ತಳದಲ್ಲಿ ನಾಲ್ಕೈದು ತೂತು, ಅದನ್ನ 200 ಲೀಟರ್ ಡ್ರಮ್ಮಿನೊಳಗಿಟ್ಟು ಸುತ್ತ ಸೌದೆ ಉರಿಸೋದು. ಹೊಟ್ಟು ಶಾಖವನ್ನ ಒಳಕ್ಕೆ ಬಿಡೋದಿಲ್ಲ, ಹಾಗಾಗಿ ಡಬ್ಬ ಒಂದು ಅಡಿಗಿಂತ ಅಗಲ ಇದ್ದರೆ ನಡುವಿನದು ಹಸಿಯೇ ಉಳಿಯುತ್ತೆ. ನನ್ನ ಅಭಿಪ್ರಾಯ ಕೇಳಿದರೆ, ಹೊಟ್ಟನ್ನ ಕೊಟ್ಟಿಗೆಗೆ ಹಾಸಿ ಗೊಬ್ಬರ ಮಾಡೋದೇ ಮೇಲು.

ಎರೆಹೊಲ

ರಾಯಚೂರು ಕಡೆ ಎರೆಮಣ್ಣು, ರಸಸಾರ 8.4. ಬಳ್ಳಾರಿ ಜಾಲಿ ಎಷ್ಟು ಬೇಕಾದ್ರೂ ಐತಿ, ಕಡಿದಷ್ಟೂ ಚಿಗಿತೈತಿ. ಇದನ್ನ ಮಾಡಿ ಹತ್ತಿ, ತೊಗರಿ ಹೊಲಕ್ಕ ಹಾಕಿದ್ರ ಹೆಂಗ?

ಹುಳಿಮಣ್ಣು

ನಿಮ್ಮ ಹೊಲಕ್ಕೆ ಅವಸರ ಮಾಡಬೇಡಿ ಸರ್. ಈಗಾಗಲೇ ಕ್ಷಾರ ಇರುವ ಮಣ್ಣಿಗೆ ಕ್ಷಾರದ ಇದ್ದಿಲು ಬಿದ್ದರೆ ರಂಜಕ, ಸತು, ಕಬ್ಬಿಣ ಇನ್ನಷ್ಟು ಬಿಗಿಯಾಗ್ತವೆ. ಎರೆಮಣ್ಣು ನೀರು, ಸತ್ವ ಹಿಡಿಯೋದರಲ್ಲಿ ತಾನೇ ಗಟ್ಟಿಗ, ಇದ್ದಿಲು ಅಲ್ಲಿ ಹೆಚ್ಚೇನೂ ಸೇರಿಸೋದಿಲ್ಲ. ಲಾಭ ಕಾಣೋದು ಹುಳಿ ಮಣ್ಣಲ್ಲಿ, ಮರಳು ಮಣ್ಣಲ್ಲಿ, ಸವೆದ ಕೆಂಪು ಮಸಾರಿಯಲ್ಲಿ. ನಿಮಗೆ ಮಸಾರಿ ತುಂಡು ಇದ್ದರೆ ಅಲ್ಲಿ, ಇಲ್ಲವಾದರೆ ಕೊಟ್ಟಿಗೆಯಲ್ಲಿ ಗಂಜಲ ಹೀರೋಕೆ ಹಾಸಿ, ತಿಪ್ಪೆ ಮೂಲಕ ಹೊಲಕ್ಕೆ ಹೋಗಲಿ. ಆಗ ಕ್ಷಾರವೂ ಇಳಿದಿರುತ್ತೆ. ಬಳ್ಳಾರಿ ಜಾಲಿಯ ಮರ ಗಟ್ಟಿ, ಇದ್ದಿಲು ಭಾರ. ಮುಳ್ಳಿನ ತೆಳು ರೆಂಬೆ ಉರಿ ಎಬ್ಬಿಸೋಕೆ ಚೆನ್ನ, ಆದರೆ ಮುಳ್ಳು ಬೆಂದ ಮೇಲೂ ಚುಚ್ಚುತ್ತೆ. ಬರಿಗಾಲಲ್ಲಿ ತುಳಿಸಬೇಡಿ.

ತಕ್ಕಡಿ

ಕಾರ್ಬನ್ ದುಡ್ಡಿನ ಬಗ್ಗೆ. ಎಕರೆ ಲೆಕ್ಕ ಅಂದ ಕೂಡಲೇ ಎಚ್ಚರ. ಬಯೋಚಾರಿಗೆ ಕ್ರೆಡಿಟ್ ಹುಟ್ಟೋದು ಮಣ್ಣಿಗೆ ಸೇರಿದ ಇದ್ದಿಲಿನ ಟನ್ ಮೇಲೆ, ಜಮೀನಿನ ವಿಸ್ತೀರ್ಣದ ಮೇಲಲ್ಲ. ಕ್ರೆಡಿಟ್ ದಾಖಲಿಸುವ ರಿಜಿಸ್ಟ್ರಿಗಳಾದ ಪ್ಯೂರೋ ಡಾಟ್ ಅರ್ಥ್ ಆಗಲಿ, ವೆರ್ರಾದ ವಿಎಂ0044 ವಿಧಾನವಾಗಲಿ, ಕೇಳೋದು ಇದನ್ನೇ: ಏನು ಸುಟ್ಟಿರಿ, ಎಷ್ಟು ಸಿಕ್ಕಿತು, ಯಾವ ಮಣ್ಣಿಗೆ ಹೋಯ್ತು.

ನಿಮ್ಮ ಒಂದು ಎಕರೆಯದ್ದೇ ಲೆಕ್ಕ ಹಾಕೋಣ. ವಿಶ್ವಸಂಸ್ಥೆಯ ಹವಾಮಾನ ಸಮಿತಿ ಐಪಿಸಿಸಿಯ 2019ರ ಮಾರ್ಗಸೂಚಿಯಲ್ಲಿ ಮರದ ಇದ್ದಿಲಲ್ಲಿ ಇಂಗಾಲ 77 ಪರ್ಸೆಂಟ್. ನೂರು ವರ್ಷದ ಮೇಲೂ ಉಳಿಯುವ ಪಾಲು 600 ಡಿಗ್ರಿ ಮೀರಿ ಬೆಂದದ್ದಕ್ಕೆ 89 ಪರ್ಸೆಂಟ್, 450ರಿಂದ 600ಕ್ಕೆ 80, 350ರಿಂದ 450ಕ್ಕೆ 65. 600 ಕೆಜಿ ಇದ್ದಿಲು ಅಂದರೆ 462 ಕೆಜಿ ಇಂಗಾಲ, ಉಳಿಯೋದು 411. ಅದನ್ನ 3.67ರಿಂದ ಗುಣಿಸಿದರೆ ಇಂಗಾಲದ ಡೈಆಕ್ಸೈಡ್ ಲೆಕ್ಕದಲ್ಲಿ ಸುಮಾರು 1.5 ಟನ್. ಕೇಳೋಕೆ ಚೆನ್ನಾಗಿದೆ. ಈಗ ಕಳೆಯೋದು. ಇಂಥ ಗುಂಡಿ, ಲಾಳಿಕೆಗಳ ಹೊಗೆಯನ್ನ ನೇಪಾಳದಲ್ಲಿ ಅಳೆದು 2016ರಲ್ಲಿ ಪ್ರಕಟಿಸಿದ ಸರಾಸರಿಯಲ್ಲಿ ಕೆಜಿ ಇದ್ದಿಲಿಗೆ 30 ಗ್ರಾಂ ಮೀಥೇನ್, ಅದೂ ಒಂದು ಸುಡುವಿಕೆಗೂ ಇನ್ನೊಂದಕ್ಕೂ ಭಾರಿ ವ್ಯತ್ಯಾಸ. 600 ಕೆಜಿಗೆ 18 ಕೆಜಿ. ನೂರು ವರ್ಷದ ಲೆಕ್ಕದಲ್ಲಿ ಮೀಥೇನ್ ಸುಮಾರು 27 ಪಟ್ಟು ಕಾವು ಹಿಡಿಯುತ್ತೆ, ಅಂದರೆ ಅರ್ಧ ಟನ್ ಹೋಯ್ತು. ಮೂರರಲ್ಲಿ ಒಂದು ಪಾಲು ಹೊಗೆಗೇ! ಕೆಂಡದುಂಡೆಯವರು ಒಣ ಸೌದೆ ಅಂತ ಅಷ್ಟು ಒತ್ತಿ ಹೇಳಿದ್ದು ಇದ್ದಿಲಿನ ಗುಣಕ್ಕಷ್ಟೇ ಅಲ್ಲ. ನಿಮ್ಮ ಹೋದ ಸಲದ ಬಿಳಿ ಹೊಗೆಯಲ್ಲಿ ಉಳಿತಾಯ ಉಳಿದಿರೋದೇ ಅನುಮಾನ. ಬಳ್ಳಾರಿ ಜಾಲಿಯನ್ನ ಮಣ್ಣು ಮುಚ್ಚಿ ಸುಡುವ ಇದ್ದಿಲು ಭಟ್ಟಿಯ ಕಥೆಯೂ ಅಷ್ಟೇ, ಆ ಅನಿಲ ಉರಿಯದೆ ಹಾಗೇ ಹೊರಗೆ ಹೋಗುತ್ತೆ.

ಹಾಗಾಗಿ ಎಂಟೆಕರೆಯವರು ಒಬ್ಬರೇ ಇದರಿಂದ ದುಡ್ಡು ಮಾಡೋದು ಕಷ್ಟ. ಪ್ರತಿ ಸುಡುವಿಕೆಯ ಫೋಟೊ, ಸೌದೆಯ ತೇವದ ದಾಖಲೆ, ಇದ್ದಿಲಿನ ಅಳತೆ, ಲ್ಯಾಬಲ್ಲಿ ಜಲಜನಕ–ಇಂಗಾಲ ಅನುಪಾತ, ಎಲ್ಲದರ ಖರ್ಚು ನೂರಾರು ತೋಟ ಸೇರಿದರಷ್ಟೇ ಹುಟ್ಟುತ್ತೆ. ಆ ಅನುಪಾತ 0.7ಕ್ಕಿಂತ ಕಡಿಮೆ ಇರಬೇಕು, 0.4ಕ್ಕಿಂತ ಕಡಿಮೆ ಬಂದರೆ ಗಟ್ಟಿ ಇದ್ದಿಲು. ಬಂದವರಿಗೆ ಇಷ್ಟು ಕೇಳಿ: ಟನ್‌ಗೆ ನನಗೆಷ್ಟು, ತೂಕ ಯಾರು ಮಾಡ್ತಾರೆ, ಕರಾರು ಎಷ್ಟು ವರ್ಷ, ಯಾವ ರಿಜಿಸ್ಟ್ರಿಯಲ್ಲಿ ದಾಖಲಾಗುತ್ತೆ. ನಿಮ್ಮ ಸಿಲ್ವರ್ ಮರಗಳನ್ನೂ ಬೇರೆ ಯಾವುದಾದರೂ ಮರದ ಕಾರ್ಬನ್ ಯೋಜನೆಗೆ ಬರೆದುಕೊಟ್ಟಿದ್ದರೆ ಅದನ್ನೂ ಮೊದಲೇ ಹೇಳಿ, ಒಂದೇ ಇಂಗಾಲ ಎರಡು ಕಡೆ ಮಾರಾಟವಾದರೆ ಸಿಕ್ಕಿಬೀಳೋದು ನೀವು. ಮಾಡಿದ ಇದ್ದಿಲನ್ನ ಹೋಟೆಲಿನ ತಂದೂರಿಗೆ ಮಾರಿದರೆ ಲೆಕ್ಕ ಸೊನ್ನೆ.

ಹಡ್ಲುಗದ್ದೆ

ಎಲ್ಲರಿಗೂ ಧನ್ಯವಾದ. ಬುಡದಲ್ಲಿ ವಾಸನೆ ಬಂದಿದ್ದು ನಿಜ, ಗೊಬ್ಬರ ಹಳೇದಾಗಿದೆ ಅಂದುಕೊಂಡಿದ್ದೆ. ಕಂಪನಿಯವರಿಗೆ ತಕ್ಕಡಿಯವರ ಪ್ರಶ್ನೆಗಳನ್ನೇ ಕಳಿಸ್ತೀನಿ. ಎರಡು ಸಣ್ಣ ಅನುಮಾನ: ಅದೇ ಗುಂಡಿಯನ್ನ ಪ್ರತಿ ವರ್ಷ ಬಳಸಬಹುದಾ? ಮತ್ತೆ ಸ್ಟೋರಲ್ಲಿ ಇನ್ನೂ ನಾಲ್ಕು ಚೀಲ ಅರೆಬೆಂದದ್ದು ಉಳಿದಿದೆ, ಏನು ಮಾಡಲಿ?

ಕೆಂಡದುಂಡೆ

ಗುಂಡಿ ಬಳಸಬಹುದು. ಎರಡನೇ ಸಲಕ್ಕೆ ಗೋಡೆ ಬೆಂದು ಗಟ್ಟಿಯಾಗಿರುತ್ತೆ, ಉರಿ ಬೇಗ ಹಿಡಿಯುತ್ತೆ. ಮಳೆಗಾಲಕ್ಕೆ ಮುಂಚೆ ಮೇಲೆ ಎರಡು ಗಳ ಅಡ್ಡ ಹಾಕಿ ತಗಡು ಮುಚ್ಚಿ, ಸುತ್ತ ನೀರು ಹೋಗೋಕೆ ಕಾಲುವೆ ಮಾಡಿ. ಇಲ್ಲದಿದ್ದರೆ ಗೋಡೆ ಕುಸಿದು ಮತ್ತೆ ಬಾವಿಯಾಗುತ್ತೆ. ದನ, ಮಕ್ಕಳು ಬೀಳದ ಹಾಗೆ ಬೇಲಿಯೂ ಬೇಕು.

ನಾಲ್ಕು ಚೀಲವನ್ನ ಇವತ್ತೇ ಸ್ಟೋರಿಂದ ಹೊರಗಿಡಿ. ಹೊಸ ಗುಂಡಿ ಹಚ್ಚಿದ ದಿನ ಎರಡನೇ ಪದರದ ಹೊತ್ತಿಗೆ ಕಂದು ತುಂಡುಗಳನ್ನ ಆರಿಸಿ ಅದರಲ್ಲೇ ಹಾಕಿ, ಪೂರ್ತಿ ಬೇಯುತ್ತೆ. ಚೀಲದ ತಳದ ಪುಡಿ ಬೂದಿಯನ್ನ ಮಾತ್ರ ಜರಡಿ ಹಿಡಿದು ಬೇರೆ ಇಡಿ, ತೆಂಗಿನ ಬುಡಕ್ಕಾಗುತ್ತೆ.